ಏಳು ಸೀಸೆ

ಬೇಸಿಗೆಯಿಡೀ ಐಸ್‌ಕ್ರೀಮ್ ಗಾಡಿ ತಳ್ಳಿದ ದುಡ್ಡು
ಐವತ್ತೆರಡು ಬಣ್ಣದ ಸೀಸೆಗಳಾಗಿ ಪೆಟ್ಟಿಗೆಯಲ್ಲಿ ಗಲಗಲ.
ಎದೆಗವಚಿಕೊಂಡು ಟ್ರಾಮ್ ಇಳಿದೆ.
ವೂಚ್ ಊರಿನ ಆಟದಂಗಡಿ, ಅದರ ಹಿಂಕೋಣೆ,
ಗುರುವಾರ ಸಂಜೆ.
ಹೆಬ್ಬೆರಳುದ್ದದ ಸೈನ್ಯಗಳಿಗೆ ಅಲ್ಲಿ
ಮೈಬಣ್ಣ ಬರುವ ಹೊತ್ತು.

ಬೊಗುಮಿವಾ ಕನ್ನಡಕ ಹಣೆಗೇರಿಸಿ ನೋಡಿದರು.
ಮೂವತ್ತೊಂದು ವರ್ಷ ಬಟ್ಟೆ ಗಿರಣಿಯಲ್ಲಿ
ಕೆಂಪಿಗೆ ಕೆಂಪು ಹೊಂದಿಸಿದ ಹೆಂಗಸು;
ಗಿರಣಿ ಈಗ ಸಿನಿಮಾ ಮಂದಿರ, ಪಿಜ್ಜಾ, ಪಾರ್ಕಿಂಗು.
ಆಟ ಆಡಿದವರಲ್ಲ. ದಾಳ ಕೆಳಗುರುಳಿದರೆ
'ಯಾರದಪ್ಪಾ ಇದು' ಎಂದು ಕಾಲಲ್ಲಿ ಸರಿಸುವವರು.

ಒಂದೊಂದೇ ಸೀಸೆ ತೆಗೆದು, ದೀಪಕ್ಕೆ ಹಿಡಿದು,
ನಲವತ್ತೈದನ್ನು ವಾಪಸು ಪೆಟ್ಟಿಗೆಗೆ ಹಾಕಿ
ಮುಚ್ಚಳ ಒತ್ತಿದರು.
ಉಳಿದದ್ದು ಕಪ್ಪು, ಬಿಳಿ, ಕೆಂಪು, ಹಳದಿ, ನೀಲಿ,
ಮಣ್ಣಿನ ಕಂದು, ಉಕ್ಕಿನ ಹೊಳಪು.
'ಹಸಿರು?' ಎಂದೆ. ನನ್ನ ರಕ್ಕಸರೆಲ್ಲ ಹಸಿರು.
'ಹಳದಿ ಇದೆ, ನೀಲಿ ಇದೆ, ಕೈ ಇದೆ' ಎಂದರು.

ಮುಖ ಊದಿಸಿ ಕೂತೆ.
ಅವರೋ ರಸೀದಿಯ ಬೆನ್ನಿಗೆ ಬರೆಯತೊಡಗಿದರು:
ಒಂದನೇ ನಂಬರಿನ ಕುಂಚ, ಒಂದೇ ಒಂದು,
ಒದ್ದೆ ಮಾಡಿದರೆ ಮುಳ್ಳಿನ ಹಾಗೆ ಕೂಡಬೇಕು ತುದಿ.
ಮೂರು ಸೊನ್ನೆಯ ಕುಂಚ ಕೊಳ್ಳಬೇಡ, ಅದು ಜಂಬ;
ಕಣ್ಣು ಮುಟ್ಟುವ ಮೊದಲೇ ಅದರ ಬಣ್ಣ ಒಣಗುತ್ತೆ.
ಒದ್ದೆ ಹಲಗೆ ಅಂತ ಅಂಗಡಿಯವನಿಗೆ ದುಡ್ಡು ಸುರಿಯಬೇಡ
(ಇದನ್ನು ಅಂಗಡಿಯವನ ಎದುರಿಗೇ ಓದಿ ಹೇಳಿದರು),
ಊಟದ ಡಬ್ಬಿ, ಪಾತ್ರೆ ತಿಕ್ಕುವ ಸ್ಪಂಜು,
ಅದರ ಮೇಲೆ ನಿಮ್ಮಮ್ಮ ಕೇಕಿನ ಕೆಳಗೆ ಹಾಸುವ ಕಾಗದ.
ಸೋಪು. ಎರಡು ದೀಪ, ಎಡಕ್ಕೊಂದು ಬಲಕ್ಕೊಂದು.
ಬೊಂಬೆ ಅಂಟಿಸಿ ಹಿಡಿಯಲು ಔಷಧಿ ಸೀಸೆ.
'ಅದು ನನ್ನ ಮನೆಯಲ್ಲಿ ಬೇಕಾದಷ್ಟಿದೆ.'

'ಮತ್ತೆ ಕಲಿಯೋದು?'
'ವಿಡಿಯೋ ನೋಡು, ಬೇಡ ಅನ್ನಲ್ಲ.
ಸದ್ದು ಆರಿಸಿ ನೋಡು. ಅವನ ಮಣಿಕಟ್ಟು ಎಲ್ಲಿ ಊರಿದೆ,
ಉಸಿರು ಯಾವಾಗ ಹಿಡಿದ, ಅದು ಪಾಠ.
ಲೈಬ್ರರಿಯಲ್ಲಿ ಬಾವಲಿಗಳ ಪುಸ್ತಕ ಇದೆ,
ಡ್ರ್ಯಾಗನ್ನಿನ ರೆಕ್ಕೆ ಅದರಲ್ಲಿದೆ.
ತುಕ್ಕು ಬೇಕಾದರೆ ಟ್ರಾಮ್ ಡಿಪೋ ಗೇಟಿನ ಮುಂದೆ
ಅರ್ಧ ಗಂಟೆ ನಿಂತುಕೋ. ಟಿಕೆಟ್ಟಿಲ್ಲ.'

ಪಕ್ಕದಲ್ಲಿ ಓರಿನಾ, ಖಾರ್ಕಿವ್‌ನಿಂದ ಬಂದ ನರ್ಸು,
ಸೈನಿಕರ ಮುಖ ಮುಟ್ಟುವುದೇ ಇಲ್ಲ.
ಕಾಲ ಕೆಳಗಿನ ನೆಲವಷ್ಟೇ ಮಾಡುತ್ತಾಳೆ:
ಒಣಗಿದ ಚಹಾ ಚರಟ, ಮರಳು, ಪುಡಿಗುಟ್ಟಿದ ಬಿರಡೆ;
ಅಂಟು ಆರುವವರೆಗೆ ಊದುತ್ತ ಕೂರುತ್ತಾಳೆ.
ಎಲ್ಲರ ಸೈನ್ಯವೂ ಅವಳ ಮಣ್ಣಿನ ಮೇಲೇ ನಿಂತಿದೆ.
ಯಾವ ಊರಿನ ಮಣ್ಣು ಅಂತ ಯಾರೂ ಕೇಳಲಿಲ್ಲ.

ಹನ್ನೊಂದು ಗುರುವಾರ, ಒಬ್ಬನೇ ಒಬ್ಬ ರಕ್ಕಸ.
ಮೊದಲ ಹಸಿರು ಪಾಚಿ, ಎರಡನೆಯದು ಕಾಯಿಲೆ,
ಮೂರನೆಯದು ಗಟ್ಟಿಯಾಗಿ ಅವನ ಹಲ್ಲೇ ಮುಚ್ಚಿಹೋಯಿತು.
'ಹಾಲಿಗೆ ನೀರು ಬೆರೆಸುವವಳ ಕೈ ಬೇಕು ನಿನಗೆ,
ಕಳ್ಳತನ ಗೊತ್ತಾಗಬಾರದು, ಅಷ್ಟು ತೆಳು.'
ತೊಳೆದೆ, ಮತ್ತೆ ಬಳಿದೆ.
ಮನೆಯಲ್ಲಿ ಆ ನಲವತ್ತೈದು ಸೀಸೆಗಳನ್ನು
ತಂಗಿ ಯಾಗ್ನಾ ಸಾಲಾಗಿ ನಿಲ್ಲಿಸಿ ಚೆಂಡು ಉರುಳಿಸುತ್ತಿದ್ದಳು.

ಕಣ್ಣಿನ ದಿನ
ಅವರು ನನ್ನ ಮೊಣಕೈಯನ್ನು ಮೇಜಿಗೆ ಒತ್ತಿ ಹಿಡಿದರು.
ಪೊರೆ ಬಂದ ಎಡಗಣ್ಣು ನನ್ನ ಕಿವಿಯ ಹತ್ತಿರ.
ಸಾಸಿವೆಯ ಕಾಲು ಭಾಗ ಬಿಳಿ, ಅದರೊಳಗೆ ಕಪ್ಪು.
ಉಸಿರು ಬಿಟ್ಟಾಗ ರಕ್ಕಸ ನನ್ನನ್ನೇ ನೋಡುತ್ತಿದ್ದ,
ಸ್ವಲ್ಪ ಮೆಳ್ಳೆಗಣ್ಣು.

ಶನಿವಾರ ಆಟ. ರಾದೊಮಿರ್‌ನ ಮೊದಲ ದಾಳ, ಆರು.
ನನ್ನವನು ಒಂದು ಹೆಜ್ಜೆಯೂ ಇಡಲಿಲ್ಲ, ಸತ್ತ.
ನಿಯಮದ ಪುಸ್ತಕ ಎರಡು ಸಲ ತಿರುವಿದೆ.
ಸತ್ತೇ ಇದ್ದ.

ಗುರುವಾರ ಹೇಳಿದೆ, ಗಂಟಲು ಬಿಗಿದು.
ಬೊಗುಮಿವಾ ಕುಂಚ ತೊಳೆಯುತ್ತಲೇ ಕೇಳಿದರು,
'ಹೇಗೆ ಬಿದ್ದ? ಕವುಚಿಯೋ, ಅಂಗಾತವೋ?'
'ಅಂಗಾತ.'
'ಮತ್ತೇನು. ಕಣ್ಣು ಕಾಣುತ್ತಿತ್ತಲ್ಲ'
ಎಂದು ಸೋಪಿನ ಡಬ್ಬಿ ನನ್ನ ಕಡೆ ತಳ್ಳಿದರು.